ಸುಲಭದ ದಾರಿಯೂ ನೆಲದೊಳಗಿನ ಎಣ್ಣೆಯೂ

ನೀರು ಸದಾ ಸುಲಭವಾದ ದಾರಿಯನ್ನೇ ಹುಡುಕುತ್ತದೆಂಬುದು ನಮ್ಮ ಕಡೆಯ ರೈತರೆಲ್ಲರೂ ಬಲ್ಲ ಮಾತು. ಶಹಾಪುರ, ಸುರಪುರಗಳ ಎರೆಯ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅಂಥ ಹೊಲಕ್ಕೆ ಮೊದಲ ನೀರು ಬಿಟ್ಟಾಗ ಆ ನೀರು ಹೆಂಟೆಗಳನ್ನು ನೆನೆಸುವ ಗೋಜಿಗೆ ಹೋಗದೆ ಬಿರುಕುಗಳಲ್ಲಿ ಇಳಿದು ಓಡಿಬಿಡುತ್ತದೆ. ಬದುವಿನ ಮೇಲೆ ನಿಂತು ನೋಡಿದವನಿಗೆ ಹೊಲ ಬೇಕಾದಷ್ಟು ನೀರು ಕುಡಿದಂತೆ ಕಾಣುತ್ತದೆ. ಹೆಂಟೆಯೊಂದನ್ನು ಎತ್ತಿ ಒಡೆದರೆ ಒಳಗೆಲ್ಲ ಒಣಮಣ್ಣು. ನೀರು ಬಿಟ್ಟದ್ದು ನಿಜ, ಹೊಲ ನೆನೆದದ್ದು ಸುಳ್ಳು.

ಇದೇ ಸಂಗತಿ ಸಾವಿರಾರು ಅಡಿ ಆಳದ ಕಲ್ಲಿನಲ್ಲಿ ನಡೆದರೆ ಅದರ ಪರಿಣಾಮ ಒಂದು ಹೊಲಕ್ಕೆ ಸೀಮಿತವಾಗಿ ನಿಲ್ಲುವುದಿಲ್ಲ. ಜಗತ್ತಿನ ಎಣ್ಣೆಕ್ಷೇತ್ರಗಳ ಸರಾಸರಿ ಹಿಡಿದರೆ, ನೆಲದಡಿ ಇರುವ ಎಣ್ಣೆಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಮೇಲೆ ಬರುತ್ತದೆ. ಉಳಿದೆರಡು ಪಾಲು ಕಲ್ಲಿನಲ್ಲಿಯೇ ಉಳಿಯುತ್ತದೆ. ಹಾಗೆ ಉಳಿಯುವುದಕ್ಕೆ ಇರುವ ಕಾರಣಗಳಲ್ಲಿ ಮುಖ್ಯವಾದುದೊಂದು ಮೇಲೆ ಹೇಳಿದ ನೀರಿನ ಸ್ವಭಾವವೇ. ಆ ನೀರಿಗೆ ಬೇರೆ ನಡೆ ಕಲಿಸಲು ವಿಜ್ಞಾನಿಗಳು ಪಾಲಿಮರ್ ಎಂಬ ಉದ್ದನೆಯ ಅಣುಗಳನ್ನೂ ನ್ಯಾನೊ ಕಣಗಳೆಂಬ ಅತಿಸೂಕ್ಷ್ಮವಾದ ಪುಡಿಯನ್ನೂ ಹೇಗೆ ಬಳಸುತ್ತಿದ್ದಾರೆಂಬುದನ್ನು ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಆದುದರಿಂದ ಸೂತ್ರಗಳನ್ನು ಬದಿಗಿರಿಸಿ, ಗುಣಿಸಿ ಭಾಗಿಸುವ ಲೆಕ್ಕದಲ್ಲಿಯೇ ವಿಷಯವನ್ನು ಹೇಳಲು ಯತ್ನಿಸುತ್ತೇನೆ.

ನಮಗೇಕೆ ಈ ವಿಚಾರ?

ಯಾದಗಿರಿ ಜಿಲ್ಲೆಯಲ್ಲಿ ಎಣ್ಣೆಬಾವಿ ಇಲ್ಲ. ಯಾದಗಿರಿಯ ಕೋಟೆ ನಿಂತಿರುವ ಬೆಟ್ಟವೂ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡಗಳ ಸಾಲೂ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲಿನವು. ಹೀಗಿರುವಾಗ ಎಣ್ಣೆಯ ಚರ್ಚೆ ನಮಗೇಕೆಂದು ಯಾರಾದರೂ ಕೇಳಬಹುದು. ಸುರಪುರದಿಂದ ಯಾದಗಿರಿಗೆ ಬರುವ ಬಸ್ಸು, ತೊಗರಿಯ ರಾಶಿ ಮಾಡುವ ಯಂತ್ರ, ಹತ್ತಿ ಹೇರಿದ ಲಾರಿ, ಗದ್ದೆಯನ್ನು ರಾಡಿ ಮಾಡುವ ಟ್ರ್ಯಾಕ್ಟರ್ ಇವೆಲ್ಲ ನಡೆಯುವುದು ಬಹುಪಾಲು ಡೀಸೆಲ್‌ನಿಂದ. ಆ ಡೀಸೆಲ್‌ಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ೮೫ಕ್ಕೂ ಹೆಚ್ಚು ಪಾಲನ್ನು ಭಾರತವು ಹೊರದೇಶಗಳಿಂದ ಕೊಂಡು ತರುತ್ತದೆ. ಎಲ್ಲೋ ದೂರದಲ್ಲಿ ಯುದ್ಧವಾದರೆ ನಮ್ಮ ಸಂತೆಯ ಕಾಯಿಪಲ್ಯದ ಬೆಲೆ ಏರುವುದು ಈ ಕಾರಣದಿಂದಲೇ.

ನಮ್ಮ ದೇಶದಲ್ಲಿ ಎಣ್ಣೆ ದೊರೆತಿರುವ ಸ್ಥಳಗಳು ಕೆಲವೇ. ಅಸ್ಸಾಮಿನ ಡಿಗ್ಬಾಯ್‌ನಲ್ಲಿ ೧೮೮೯ರಲ್ಲಿ ಎಣ್ಣೆ ದೊರೆಯಿತು. ೧೯೫೬ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ ಸ್ಥಾಪನೆಯಾದ ಮೇಲೆ ೧೯೬೦ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿಯೂ, ೧೯೭೪ರಲ್ಲಿ ಮುಂಬಯಿಯ ಬಳಿ ಸಮುದ್ರದ ತಳದಲ್ಲಿಯೂ ದೊಡ್ಡ ನಿಕ್ಷೇಪಗಳು ಸಿಕ್ಕಿದವು. ೨೦೦೪ರಲ್ಲಿ ರಾಜಸ್ಥಾನದ ಬಾಡಮೇರಿನ ಮರುಭೂಮಿಯಲ್ಲಿ ಮಂಗಲಾ ಎಂಬ ಕ್ಷೇತ್ರ ಪತ್ತೆಯಾಯಿತು. ಹೊಸ ಕ್ಷೇತ್ರಗಳು ದಿನವೂ ಸಿಗುವಂಥವಲ್ಲ. ಸಿಕ್ಕವು ವರ್ಷದಿಂದ ವರ್ಷಕ್ಕೆ ಮುದಿಯಾಗುತ್ತವೆ. ಆದುದರಿಂದ ಸಿಕ್ಕ ಕ್ಷೇತ್ರದಲ್ಲಿ ಮೂರರಲ್ಲಿ ಎರಡು ಪಾಲನ್ನು ಬಿಟ್ಟುಬರುವುದೇ, ಅಥವಾ ಅದರಲ್ಲಿ ಇನ್ನಷ್ಟನ್ನು ಎತ್ತುವುದೇ ಎಂಬ ಪ್ರಶ್ನೆ ಬಡದೇಶಕ್ಕೆ ಚಿಕ್ಕದಲ್ಲ.

ತೈಲಾಶಯವೆಂದರೆ ಕೆರೆಯಲ್ಲ

ನೆಲದೊಳಗಿನ ಎಣ್ಣೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಗುಹೆಯೊಂದರಲ್ಲಿ ತುಂಬಿನಿಂತ ಕಪ್ಪು ಕೆರೆಯ ಚಿತ್ರ. ಅಂಥ ಗುಹೆಗಳು ಕರ್ನಾಟಕದಲ್ಲಿಯೇ ಇವೆ. ಆದರೆ ಅವು ಮನುಷ್ಯನು ಕೊರೆದವು. ಆಪತ್ಕಾಲಕ್ಕೆಂದು ಹೊರದೇಶದ ಎಣ್ಣೆಯನ್ನು ಕೂಡಿಡಲು ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಗಟ್ಟಿ ಕಲ್ಲನ್ನು ಕೊರೆದು ಅಂಥ ಉಗ್ರಾಣಗಳನ್ನು ಮಾಡಿದ್ದಾರೆ. ಮಂಗಳೂರಿನದು ೧೫ ಲಕ್ಷ ಟನ್ನು, ಪಾದೂರಿನದು ೨೫ ಲಕ್ಷ ಟನ್ನು ಹಿಡಿಯುತ್ತದೆ. ನಿಸರ್ಗದ ತೈಲಾಶಯ ಹಾಗಿರುವುದಿಲ್ಲ. ಅದು ಇಡಿಯಾದ ಕಲ್ಲು. ಹೆಚ್ಚಾಗಿ ಮರಳುಗಲ್ಲು ಇಲ್ಲವೆ ಸುಣ್ಣಕಲ್ಲು.

ಬಾದಾಮಿಯ ಗುಹಾಲಯಗಳನ್ನು ನೋಡಿದವರು ಮರಳುಗಲ್ಲನ್ನು ಬಲ್ಲರು. ಮರಳಿನ ಕಣಗಳು ಒಂದಕ್ಕೊಂದು ಅಂಟಿ ಆದ ಕಲ್ಲು ಅದು. ಕಣಗಳು ಎಷ್ಟೇ ಒತ್ತಾಗಿ ಕೂತರೂ ನಡುನಡುವೆ ಕಣ್ಣಿಗೆ ಕಾಣದ ಸಂದುಗಳು ಉಳಿಯುತ್ತವೆ. ಎಣ್ಣೆ ಇರುವುದು ಆ ಸಂದುಗಳಲ್ಲಿ. ಕಲ್ಲಿನಲ್ಲಿ ಸಂದುಗಳು ಎಷ್ಟು ಪಾಲು ಇವೆ ಎಂಬುದಕ್ಕೆ ರಂಧ್ರತೆ ಎಂದು ಹೆಸರು. ಆ ಸಂದುಗಳ ಮೂಲಕ ದ್ರವವು ಎಷ್ಟು ಸಲೀಸಾಗಿ ಹಾಯಬಲ್ಲದು ಎಂಬುದು ಪಾರಗಮ್ಯತೆ. ಇವೆರಡೂ ಒಂದೇ ಅಲ್ಲ. ಮನೆ ದೊಡ್ಡದಿದ್ದೂ ಬಾಗಿಲು ಕಿರಿದಾಗಿರಬಹುದಷ್ಟೆ. ಉರುಟು ಮರಳಿನಲ್ಲಿ ಬಾಗಿಲು ಅಗಲ, ನುಣ್ಣನೆಯ ಮರಳಿನಲ್ಲಿ ಕಿರಿದು. ಕಣಗಳ ವ್ಯಾಸ ಮೂರು ಪಟ್ಟು ಹೆಚ್ಚಿದರೆ ಪಾರಗಮ್ಯತೆ ಸುಮಾರು ಒಂಬತ್ತು ಪಟ್ಟು ಹೆಚ್ಚುತ್ತದೆ. ಕಣದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ದಾರಿಯಲ್ಲಿ ಬಹಳ ವ್ಯತ್ಯಾಸವಾಗುತ್ತದೆಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು.

ಹೊಸ ಬಾವಿ ಕೊರೆದಾಗ ನೆಲದೊಳಗಿನ ಸಹಜ ಒತ್ತಡದಿಂದಲೇ ಎಣ್ಣೆ ಮೇಲೇರುತ್ತದೆ. ಸ್ವಲ್ಪ ಕಾಲದಲ್ಲಿ ಆ ಒತ್ತಡ ಕುಗ್ಗುತ್ತದೆ. ಆಗ ಪಕ್ಕದಲ್ಲಿ ಬೇರೆ ಬಾವಿಗಳನ್ನು ಕೊರೆದು ಅವುಗಳ ಮೂಲಕ ನೀರನ್ನು ಒಳಗೆ ಒತ್ತುತ್ತಾರೆ. ನೀರು ಎಣ್ಣೆಯನ್ನು ಮುಂದೆ ತಳ್ಳುತ್ತ ಉತ್ಪಾದನೆಯ ಬಾವಿಯ ಕಡೆಗೆ ಒಯ್ಯಬೇಕೆಂಬುದು ಇದರ ತತ್ತ್ವ. ಆದರೆ ಕೆಲವು ವರ್ಷಗಳ ಮೇಲೆ ಉತ್ಪಾದನೆಯ ಬಾವಿಯಲ್ಲಿ ಎಣ್ಣೆ ಕಡಿಮೆಯಾಗಿ, ಒಳಗೆ ಬಿಟ್ಟ ನೀರೇ ಹೊರಗೆ ಬರತೊಡಗುತ್ತದೆ. ಎಣ್ಣೆ ಮುಗಿಯಿತೆಂದಲ್ಲ, ನೀರು ತನ್ನ ಸುಲಭದ ದಾರಿಯನ್ನು ಕಂಡುಕೊಂಡಿತೆಂದರ್ಥ.

ಒತ್ತಡ ಹೆಚ್ಚಿಸಿದರೆ ಸಾಲದು

ಲಕ್ಷಾಂತರ ವರ್ಷಗಳ ಕಾಲ ಕೆಸರು, ಮರಳುಗಳು ಪದರ ಪದರವಾಗಿ ಕೂತು ಕಲ್ಲಾಗುವಾಗ ಎಲ್ಲ ಪದರಗಳೂ ಒಂದೇ ಬಗೆಯಾಗಿ ಇರಲು ಸಾಧ್ಯವಿಲ್ಲ. ಹಳೆಯ ಹೊಳೆ ಮಹಾಪೂರದ ವರ್ಷ ಉರುಟು ಮರಳನ್ನೂ, ಸೊರಗಿದ ವರ್ಷ ನುಣ್ಣನೆಯ ರೇವೆಯನ್ನೂ ತಂದು ಹಾಕಿರುತ್ತದೆ. ಹೀಗೆ ಏರುಪೇರಾದ ಕಲ್ಲಿನಲ್ಲಿ ನೀರು ಹೇಗೆ ಹಂಚಿಹೋಗುತ್ತದೆಂಬುದನ್ನು ತಿಳಿಯಲು ಫ್ರಾನ್ಸ್ ದೇಶದ ಡಾರ್ಸಿ ಎಂಬ ಇಂಜಿನಿಯರು ೧೮೫೬ರಲ್ಲಿ ಪ್ರಕಟಿಸಿದ ನಿಯಮವೇ ಇಂದಿಗೂ ಆಧಾರ. ಆತನು ಎಣ್ಣೆಗಾಗಿ ದುಡಿದವನಲ್ಲ; ದಿಜೋನ್ ಪಟ್ಟಣದ ಕುಡಿಯುವ ನೀರನ್ನು ಮರಳಿನಲ್ಲಿ ಸೋಸುವ ವಿಚಾರದಲ್ಲಿ ಪ್ರಯೋಗ ಮಾಡುತ್ತಿದ್ದವನು. ಆ ನಿಯಮವನ್ನು ಇಂದು ಬಳಸುವ ರೂಪದಲ್ಲಿ ಹೀಗೆ ಹೇಳಬಹುದು: ಹರಿವು ಒತ್ತಡಕ್ಕೂ ಪಾರಗಮ್ಯತೆಗೂ ತಕ್ಕಂತೆ ಹೆಚ್ಚುತ್ತದೆ, ದಾರಿ ಉದ್ದವಾದಷ್ಟೂ, ದ್ರವ ಮಂದವಾದಷ್ಟೂ ಕುಗ್ಗುತ್ತದೆ. ದ್ರವದ ಈ ಮಂದತೆಗೆ ವಿಜ್ಞಾನಿಗಳು ಸ್ನಿಗ್ಧತೆ ಎನ್ನುತ್ತಾರೆ. ತಿಳಿನೀರಿಗಿಂತ ಗಂಜಿಗೆ, ಗಂಜಿಗಿಂತ ಜೋನಿಬೆಲ್ಲಕ್ಕೆ ಇದು ಹೆಚ್ಚು.

ಈಗ ಒಂದು ಲೆಕ್ಕ ಮಾಡೋಣ. ಒಂದೇ ಉದ್ದಗಲದ ಎರಡು ಪದರಗಳಿವೆ. ಒಂದು ಉರುಟು, ಇನ್ನೊಂದು ನಯ. ಮೊದಲನೆಯದರ ಪಾರಗಮ್ಯತೆ ಎರಡನೆಯದಕ್ಕಿಂತ ಹತ್ತು ಪಟ್ಟು. ಎರಡರಲ್ಲಿಯೂ ನೀರೇ ತುಂಬಿದ್ದು, ಹೊಸ ನೀರನ್ನು ಒಂದೇ ಒತ್ತಡದಲ್ಲಿ ಎರಡಕ್ಕೂ ಬಿಟ್ಟರೆ, ಹನ್ನೊಂದು ಕೊಡಗಳಲ್ಲಿ ಹತ್ತು ಕೊಡ ಉರುಟು ಪದರಕ್ಕೂ ಒಂದು ಕೊಡ ಮಾತ್ರ ನಯವಾದ ಪದರಕ್ಕೂ ಹೋಗುತ್ತದೆ. ಹಾಗಾದರೆ ಪಂಪಿನ ಒತ್ತಡವನ್ನು ಎರಡು ಪಟ್ಟು ಮಾಡಿದರೇನು? ಅದೇ ಹೊತ್ತಿನಲ್ಲಿ ಇಪ್ಪತ್ತು ಕೊಡ ಉರುಟಿಗೆ, ಎರಡು ಕೊಡ ನಯಕ್ಕೆ. ಕೆಲಸ ಬೇಗ ಆಯಿತೇ ಹೊರತು ಹಂಚಿಕೆ ಬದಲಾಗಲಿಲ್ಲ. ಈ ಇಡೀ ವಿಷಯದ ತಿರುಳು ಇಲ್ಲಿದೆಯೆಂದು ನನ್ನ ಭಾವನೆ. ದಾರಿಗಳು ಅಸಮವಾಗಿರುವಲ್ಲಿ ಹೆಚ್ಚು ಒತ್ತುವುದು ಪರಿಹಾರವಲ್ಲ.

ಎಣ್ಣೆ ನೀರಿಗಿಂತ ಮಂದವಾದುದರಿಂದ ನಿಜವಾದ ಸ್ಥಿತಿ ಇದಕ್ಕಿಂತಲೂ ಕೆಟ್ಟದು. ಎಣ್ಣೆಯು ನೀರಿಗಿಂತ ಹತ್ತು ಪಟ್ಟು ಮಂದವೆಂದು ಇಟ್ಟುಕೊಳ್ಳೋಣ. ಉರುಟು ಪದರದಲ್ಲಿ ನೀರು ಮುನ್ನುಗ್ಗಿದಂತೆಲ್ಲ ಆ ದಾರಿಯಲ್ಲಿ ಮಂದವಾದ ಎಣ್ಣೆ ತೆರವಾಗಿ ತೆಳುವಾದ ನೀರು ತುಂಬುತ್ತದೆ. ಅಂದರೆ ಸುಲಭದ ದಾರಿ ಇನ್ನೂ ಸುಲಭವಾಗುತ್ತದೆ. ಉಳ್ಳವನಿಗೇ ಮತ್ತಷ್ಟು ಕೊಟ್ಟಂತಾಯಿತು. ನೀರು ಎಣ್ಣೆಯನ್ನು ಪೂರ್ತಿಯಾಗಿ ಗುಡಿಸಿಕೊಂಡು ಹೋಗುತ್ತದೆಂದೇ ಭಾವಿಸಿ ನಾನು ಲೆಕ್ಕ ಹಾಕಿ ನೋಡಿದೆ. ಉರುಟು ಪದರವನ್ನು ನೀರು ಕೊನೆಮುಟ್ಟುವ ಹೊತ್ತಿಗೆ ನಯವಾದ ಪದರದಲ್ಲಿ ನೂರರಲ್ಲಿ ೬ ಪಾಲನ್ನೂ ಕ್ರಮಿಸಿರುವುದಿಲ್ಲ. ಒಳಗೆ ಬಿಡುವ ನೀರನ್ನೇ ಎಣ್ಣೆಯಷ್ಟು ಮಂದ ಮಾಡಿದರೆ ೧೦ ಪಾಲು ಕ್ರಮಿಸುತ್ತದೆ. ಎಣ್ಣೆಗಿಂತಲೂ ಹತ್ತು ಪಟ್ಟು ಮಂದ ಮಾಡಿದರೆ ಸುಮಾರು ೨೫ ಪಾಲು. ಏಕೆಂದರೆ ಈಗ ಮಂದವಾದ ನೀರು ಉರುಟು ಪದರದಲ್ಲಿ ತುಂಬಿದಂತೆಲ್ಲ ಆ ದಾರಿಯೇ ಬಿಗಿಯಾಗುತ್ತ ಬಂದು, ಒತ್ತಡ ನಯವಾದ ಪದರದ ಕಡೆಗೆ ತಿರುಗುತ್ತದೆ. ಕಲ್ಲು ಅದೇ, ಪದರಗಳು ಅವೇ. ಬದಲಾದದ್ದು ನೀರಿನ ನಡೆ ಮಾತ್ರ.

ತೆಳು ದ್ರವವು ಮಂದ ದ್ರವವನ್ನು ತಳ್ಳುವಾಗ ಇನ್ನೊಂದು ತೊಡಕೂ ಉಂಟು. ಪದರವು ಒಂದೇ ಬಗೆಯಾಗಿದ್ದರೂ ಸಹ ನೀರಿನ ಅಂಚು ಸಮವಾಗಿ ಸಾಗದೆ ಬೆರಳುಗಳಂತೆ ಚಾಚಿಕೊಂಡು ಎಣ್ಣೆಯನ್ನು ಸೀಳಿ ಮುಂದೆ ಹೋಗುತ್ತದೆ. ೧೯೫೮ರಲ್ಲಿ ಸ್ಯಾಫ್‌ಮನ್ ಮತ್ತು ಟೇಲರ್ ಎಂಬ ಆಂಗ್ಲ ವಿದ್ವಾಂಸರು ಇದರ ಗಣಿತವನ್ನು ತಿಳಿಸಿಕೊಟ್ಟರು. ನೀರನ್ನು ಮಂದಗೊಳಿಸಿದರೆ ಈ ಬೆರಳುಗಳೂ ಮಡಚಿಕೊಳ್ಳುತ್ತವೆ.

ನೀರನ್ನು ಗಂಜಿ ಮಾಡುವ ವಿದ್ಯೆ

ನೀರನ್ನು ಮಂದ ಮಾಡುವ ವಿದ್ಯೆ ನಮ್ಮ ಅಡಿಗೆಮನೆಗೆ ಹೊಸದಲ್ಲ. ಒಂದು ಹಿಡಿ ಜೋಳದ ಹಿಟ್ಟು ಒಂದು ತಂಬಿಗೆ ನೀರನ್ನು ಅಂಬಲಿಯಾಗಿಸುತ್ತದೆ. ಅಗಸೆಯ ಬೀಜವನ್ನು ನೀರಿನಲ್ಲಿ ಕುದಿಸಿದರೆ ಲೋಳೆ ಬಿಡುತ್ತದೆ. ಬೆಂಡೆಕಾಯಿಯ ಲೋಳೆ ಯಾರಿಗೆ ಗೊತ್ತಿಲ್ಲ? ನಾವು ಪಲ್ಯ ಮಾಡಿ ಉಣ್ಣುವ ಚವಳಿಕಾಯಿಯ ಬೀಜದಿಂದ ತೆಗೆಯುವ ಗೋಂದಂತೂ ಎಣ್ಣೆಯ ಉದ್ಯಮದಲ್ಲಿಯೇ ಬಳಕೆಯಾಗುತ್ತದೆ. ಕಲ್ಲನ್ನು ನೀರಿನ ಒತ್ತಡದಿಂದ ಸೀಳಿ ಎಣ್ಣೆ ತೆಗೆಯುವ ಅಮೆರಿಕದ ಪದ್ಧತಿಯಲ್ಲಿ ಆ ಗೋಂದಿಗೆ ಬೇಡಿಕೆ ಹೆಚ್ಚಿ, ೨೦೧೨ರಲ್ಲಿ ಅದನ್ನು ಹೆಚ್ಚಾಗಿ ಬೆಳೆಯುವ ರಾಜಸ್ಥಾನದಲ್ಲಿ ಬೆಲೆ ಆಕಾಶಕ್ಕೇರಿತ್ತು. ಇವೆಲ್ಲವುಗಳಲ್ಲಿ ಕೆಲಸ ಮಾಡುವುದು ಒಂದೇ ತತ್ತ್ವ: ಚಿಕ್ಕ ಚಿಕ್ಕ ಅಣುಗಳು ಸರದ ಮಣಿಗಳಂತೆ ಒಂದಕ್ಕೊಂದು ಕೂಡಿ ಅತಿ ಉದ್ದವಾದ ಎಳೆಯಾಗಿರುವುದು. ಅಂಥ ಉದ್ದನೆಯ ಅಣುವೇ ಪಾಲಿಮರ್. ಈ ಎಳೆಗಳು ನೀರಿನಲ್ಲಿ ಹರಡಿಕೊಂಡು ಒಂದಕ್ಕೊಂದು ತೊಡಕಿಕೊಳ್ಳುವುದರಿಂದ ನೀರಿನ ಓಟ ನಿಧಾನವಾಗುತ್ತದೆ.

ತೈಲಕ್ಷೇತ್ರಗಳಲ್ಲಿ ಹೆಚ್ಚಾಗಿ ಬಳಸುವುದು ಪಾಲಿಅಕ್ರಿಲಮೈಡ್ ಎಂಬ ಕೃತಕ ಪಾಲಿಮರಿನ ಒಂದು ರೂಪವನ್ನು. ಇದರ ಒಂದು ಅಣು ನೀರಿನ ಒಂದು ಅಣುವಿಗಿಂತ ಹತ್ತು ಲಕ್ಷ ಪಟ್ಟು ಭಾರವಿರಬಲ್ಲದು. ಒಂದು ಲೀಟರ್ ಸಿಹಿನೀರಿಗೆ ಒಂದೆರಡು ಗ್ರಾಂ ಬೆರೆಸಿದರೆ ಸಾಕು, ನೀರು ಹತ್ತಾರು ಪಟ್ಟು ಮಂದವಾಗುತ್ತದೆ. ಕೋಸಿನ ಗಿಡಕ್ಕೆ ಕೊಳೆರೋಗ ತರುವ ಒಂದು ಬ್ಯಾಕ್ಟೀರಿಯದಿಂದ ತಯಾರಿಸುವ ಜಾಂಥನ್ ಎಂಬ ಗೋಂದನ್ನೂ ಕೆಲವೆಡೆ ಬಳಸುವುದುಂಟು.

ಓದಿದ್ದನ್ನು ಕಣ್ಣಾರೆ ಕಾಣಬೇಕೆಂದು ರಜೆಯಲ್ಲಿ ನಾನೊಂದು ಚಿಕ್ಕ ಪ್ರಯೋಗ ಮಾಡಿದೆ. ಒಂದೇ ಅಳತೆಯ ಎರಡು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳ ಕೆಳಬಾಯಿಗೆ ಬಟ್ಟೆ ಕಟ್ಟಿ, ಒಂದರಲ್ಲಿ ಹಳ್ಳದ ಉರುಟು ಮರಳನ್ನೂ ಇನ್ನೊಂದರಲ್ಲಿ ಜರಡಿ ಹಿಡಿದ ಸಣ್ಣ ಮರಳನ್ನೂ ತುಂಬಿದೆ. ಎರಡನ್ನೂ ಒಂದೇ ಡಬ್ಬಿಗೆ ಜೋಡಿಸಿ, ಮೊದಲು ತಿಳಿನೀರಿನಿಂದ ನೆನೆಸಿ, ಆಮೇಲೆ ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿದ ನೀರನ್ನು ಬಿಟ್ಟೆ. ಉರುಟು ಮರಳಿನ ಕೊಳವೆಯಲ್ಲಿ ನೀಲಿ ಬಣ್ಣ ಕೆಳಗೆ ಮುಟ್ಟಿದಾಗ ಸಣ್ಣ ಮರಳಿನಲ್ಲಿ ಅದು ಮೇಲ್ತುದಿಯಲ್ಲಿಯೇ ಇತ್ತು. ಡಬ್ಬಿಯನ್ನು ಎತ್ತರಕ್ಕೆ ಕಟ್ಟಿ ಒತ್ತಡ ಹೆಚ್ಚಿಸಿದಾಗ ಎರಡೂ ಬೇಗ ಇಳಿದವು, ಅಂತರ ಮಾತ್ರ ಹಾಗೆಯೇ ಉಳಿಯಿತು. ಬಳಿಕ ಅಗಸೆಯ ಲೋಳೆಯನ್ನು ನಾಲ್ಕು ಪದರಿನ ಬಟ್ಟೆಯಲ್ಲಿ ಸೋಸಿ, ನೀಲಿ ಬೆರೆಸಿ ಬಿಟ್ಟಾಗ ಎಲ್ಲವೂ ನಿಧಾನವಾಯಿತು. ಆದರೆ ಸಣ್ಣ ಮರಳಿನ ನೀಲಿ ಈ ಸಲ ಕಣ್ಣಿಗೆ ಕಾಣುವಷ್ಟು ಹೆಚ್ಚು ಕೆಳಗಿಳಿದಿತ್ತು. ಸೋಸದ ಲೋಳೆಯನ್ನೂ ಬೇಕೆಂದೇ ಬಿಟ್ಟು ನೋಡಿದೆ. ಅದರ ಗಂಟುಗಳು ಸಣ್ಣ ಮರಳಿನ ಬಾಯಿಯಲ್ಲಿಯೇ ಕೂತು ದಾರಿ ಮುಚ್ಚಿದವು. ಮಂದ ನೀರನ್ನು ಬಾವಿಗೆ ಬಿಡುವ ಮೊದಲು ಅದರಲ್ಲಿ ಒಂದು ಗಂಟೂ ಇಲ್ಲದಂತೆ ಕರಗಿಸಿ ಸೋಸಲು ಇಂಜಿನಿಯರುಗಳು ಏಕೆ ಅಷ್ಟು ಶ್ರಮಪಡುತ್ತಾರೆಂಬುದು ಆಗ ಮನದಟ್ಟಾಯಿತು.

ಪಾಲಿಮರ್ ಬೆರೆಸಿದ ನೀರಿನ ವಿಚಾರ ೧೯೬೪ರಲ್ಲಿ ಅಮೆರಿಕದ ತಜ್ಞರ ಲೇಖನಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಚೀನದ ದಾಚಿಂಗ್ ಎಂಬ ಮಹಾಕ್ಷೇತ್ರದಲ್ಲಿ ೧೯೯೬ರಿಂದ ಇದನ್ನು ವಿಶಾಲ ಪ್ರಮಾಣದಲ್ಲಿ ಜಾರಿಗೆ ತಂದರು. ನಮ್ಮ ದೇಶದಲ್ಲಿ ಗುಜರಾತಿನ ಸಾನಂದ್ ಕ್ಷೇತ್ರದಲ್ಲಿ ೧೯೮೦ರ ದಶಕದಲ್ಲಿಯೇ ಪರೀಕ್ಷೆಗಳು ನಡೆದವು. ದೊಡ್ಡ ಉದಾಹರಣೆಯೆಂದರೆ ಮೇಲೆ ಹೇಳಿದ ಮಂಗಲಾ. ಅಲ್ಲಿನ ಎಣ್ಣೆಯಲ್ಲಿ ಮೇಣದ ಅಂಶ ಬಹಳ. ತಣ್ಣಗಾದರೆ ಹೆಪ್ಪುಗಟ್ಟುವುದರಿಂದ ಅದನ್ನು ಗುಜರಾತಿಗೆ ಒಯ್ಯುವ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿಯಾಗಿ ಇಡಬೇಕಾಗುತ್ತದೆ. ನೆಲದೊಳಗೂ ಅದು ನೀರಿಗಿಂತ ಹತ್ತಾರು ಪಟ್ಟು ಮಂದ. ೨೦೦೯ರ ಆಗಸ್ಟಿನಲ್ಲಿ ಎಣ್ಣೆ ತೆಗೆಯಲು ಆರಂಭಿಸಿ, ೨೦೧೧ರಲ್ಲಿ ಕೆಲವೇ ಬಾವಿಗಳಲ್ಲಿ ಪಾಲಿಮರನ್ನು ಪರೀಕ್ಷಿಸಿ, ೨೦೧೪–೧೫ರ ಸುಮಾರಿಗೆ ಇಡೀ ಕ್ಷೇತ್ರಕ್ಕೆ ಅದನ್ನು ವಿಸ್ತರಿಸಿದರು. ಕ್ಷೇತ್ರವು ಮುದಿಯಾಗುವವರೆಗೆ ಕಾಯದೆ ಪ್ರಾಯದಲ್ಲಿಯೇ ಚಿಕಿತ್ಸೆ ಆರಂಭಿಸಿದುದು ಇದರ ವಿಶೇಷ.

ಪಾಲಿಮರಿನ ಶತ್ರುಗಳೂ ನ್ಯಾನೊ ಕಣಗಳ ನೆರವೂ

ಪಾಲಿಮರಿಗೆ ಶತ್ರುಗಳು ನಾಲ್ವರು. ಮೊದಲನೆಯದು ಉಪ್ಪು. ಪಾಲಿಅಕ್ರಿಲಮೈಡಿನ ಎಳೆಯ ಮೇಲೆ ಒಂದೇ ಜಾತಿಯ ವಿದ್ಯುತ್ತಿನ ಅಂಶಗಳಿರುತ್ತವೆ. ಅವು ಒಂದನ್ನೊಂದು ದೂರ ತಳ್ಳುವುದರಿಂದಲೇ ಎಳೆ ಚಾಚಿಕೊಂಡಿರುವುದು. ಆಳದ ನೀರಿನ ಉಪ್ಪು, ಅದರಲ್ಲಿಯೂ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಬಂದರೆ ಈ ತಳ್ಳಾಟ ಅಡಗಿ, ಎಳೆ ನೂಲಿನುಂಡೆಯಂತೆ ಸುತ್ತಿಕೊಳ್ಳುತ್ತದೆ. ಮಂದವಾಗಿದ್ದ ನೀರು ಮತ್ತೆ ತೆಳುವಾಗುತ್ತದೆ. ಎರಡನೆಯದು ಆಳದ ಬಿಸಿ. ಅದು ಎಳೆಯ ರಚನೆಯನ್ನೇ ಕೆಡಿಸುತ್ತದೆ. ಮೂರನೆಯದು ಪಂಪು ಮತ್ತು ಬಾವಿಯ ಕಿರುದ್ವಾರಗಳಲ್ಲಿನ ರಭಸ. ಅಲ್ಲಿ ಉದ್ದ ಎಳೆಗಳು ಹರಿದು ತುಂಡಾಗುತ್ತವೆ. ನಾಲ್ಕನೆಯದು ಕಲ್ಲು ತಾನೇ. ದಾರಿಯ ಪಕ್ಕದ ಕಣಗಳಿಗೆ ಪಾಲಿಮರ್ ಅಂಟಿಕೊಂಡು ಮುಂದಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ.

ಇಲ್ಲಿ ನ್ಯಾನೊ ಕಣಗಳ ಪ್ರವೇಶವಾಗುತ್ತದೆ. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗ ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು ೮೦,೦೦೦ದಿಂದ ೧,೦೦,೦೦೦ ನ್ಯಾನೊಮೀಟರ್. ಒಳ್ಳೆಯ ಮರಳುಗಲ್ಲಿನ ಸಂದಿನ ಬಾಯಿ ಕೆಲವು ಸಾವಿರ ನ್ಯಾನೊಮೀಟರ್. ಈ ಕೆಲಸಕ್ಕೆ ಬಳಸುವ ಸಿಲಿಕಾ ಕಣಗಳಾದರೋ ಹತ್ತಾರು ನ್ಯಾನೊಮೀಟರಿನವು. ಸಿಲಿಕಾ ಎಂದರೆ ಮರಳಿನ ಮೂಲವಸ್ತುವೇ. ಊರ ಅಗಸೆಯಲ್ಲಿ ಒಂದು ಕಾಳು ಹಾದುಹೋದಂತೆ ಅವು ಕಲ್ಲಿನ ಸಂದುಗಳಲ್ಲಿ ನುಸುಳಬಲ್ಲವು.

ಅವು ಮಾಡುವ ಕೆಲಸ ಎರಡು ಬಗೆ. ಮೊದಲನೆಯದಾಗಿ, ಇಷ್ಟು ಚಿಕ್ಕದಾದ ಕಣಗಳಿಗೆ ತೂಕಕ್ಕೆ ಹೋಲಿಸಿದರೆ ಮೇಲ್ಮೈ ಅಪಾರವಾಗಿರುತ್ತದೆ. ಆ ಮೇಲ್ಮೈಗೆ ಪಾಲಿಮರಿನ ಎಳೆಗಳು ಅಲ್ಲಲ್ಲಿ ಅಂಟಿಕೊಂಡು ಒಂದು ಜಾಲವಾಗುತ್ತದೆ. ಪಂದಳಿಗೆ ನೆಟ್ಟ ಗೂಟಗಳಂತೆ ಕಣಗಳು ಆ ಜಾಲವನ್ನು ಹಿಡಿದು ನಿಲ್ಲಿಸುತ್ತವೆ. ಹೀಗಾದಾಗ ಉಪ್ಪಿನಲ್ಲಿಯೂ ಬಿಸಿಯಲ್ಲಿಯೂ ಪಾಲಿಮರ್ ಬೇಗ ಸೋಲುವುದಿಲ್ಲವೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ. ಎರಡನೆಯದಾಗಿ, ಕಲ್ಲಿಗೆ ಅಂಟಿ ಕೂತ ಎಣ್ಣೆಯ ಹನಿಯನ್ನು ಎಬ್ಬಿಸಲು ಅವು ನೆರವಾಗುತ್ತವೆ. ಹನಿಯ ಅಂಚು ಕಲ್ಲನ್ನು ಮುಟ್ಟುವ ಕಿರುಸಂದಿಯಲ್ಲಿ ಕಣಗಳು ಸಾಲುಗಟ್ಟಿ ಕೂತು, ಬೆಣೆಯಂತೆ ಒತ್ತಿ, ಹನಿಯನ್ನು ಕಲ್ಲಿನಿಂದ ಬಿಡಿಸುತ್ತವೆ. ವಾಸನ್ ಮತ್ತು ನಿಕೊಲೊವ್ ಎಂಬ ವಿಜ್ಞಾನಿಗಳು ೨೦೦೩ರಲ್ಲಿ ಪ್ರಕಟಿಸಿದ ಸಂಶೋಧನೆ ಈ ವಿಚಾರಕ್ಕೆ ಬುನಾದಿಯಾಯಿತು. ಪಾಲಿಮರ್ ನೀರನ್ನು ಹೊಸ ದಾರಿಗೆ ತಿರುಗಿಸಿದರೆ, ನ್ಯಾನೊ ಕಣ ಆ ದಾರಿಯಲ್ಲಿ ಅಂಟಿ ಕೂತದ್ದನ್ನು ಎಬ್ಬಿಸುತ್ತದೆ ಎಂದು ಸ್ಥೂಲವಾಗಿ 
ಹೇಳಬಹುದು.

ಆದರೆ ಇದನ್ನು ರಾಮಬಾಣವೆಂದು ಹೊಗಳುವುದು ಸರಿಯಲ್ಲ. ಉಪ್ಪುನೀರಿನಲ್ಲಿ ಈ ಕಣಗಳೇ ಒಂದಕ್ಕೊಂದು ಅಂಟಿ ಗಂಟಾದರೆ ತೆರೆಯಬೇಕಾದ ದಾರಿಯನ್ನು ಮುಚ್ಚುತ್ತವೆ. ಅಂಗೈಯಷ್ಟು ಕಲ್ಲಿನಲ್ಲಿ ಗೆದ್ದದ್ದು ಮೈಲುಗಟ್ಟಲೆ ಹರಡಿದ ಕಲ್ಲಿನಲ್ಲಿ ಗೆಲ್ಲಬೇಕೆಂಬ ನಿಯಮವಿಲ್ಲ. ಪಾಲಿಮರ್ ಒಬ್ಬಂಟಿಯಾಗಿ ತೈಲಕ್ಷೇತ್ರದಲ್ಲಿ ಪಳಗಿದೆ. ನ್ಯಾನೊ ಕಣಗಳ ಕೆಲಸವಾದರೋ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿದ್ದು, ಬಾವಿಗಳಲ್ಲಿ ನಡೆದ ಪರೀಕ್ಷೆಗಳು ಕೆಲವೇ. ಖರ್ಚಿನ ಪ್ರಶ್ನೆಯೂ ಇದೆ. ಎಣ್ಣೆಯ ಬೆಲೆ ಬಿದ್ದಾಗ ಈ ಔಷಧದ ಬೆಲೆಯೇ ಭಾರವಾಗುತ್ತದೆ. ಪಾಲಿಅಕ್ರಿಲಮೈಡಿನ ಮೂಲವಸ್ತುವಾದ ಅಕ್ರಿಲಮೈಡ್ ವಿಷಕಾರಿಯಾದುದರಿಂದ ಅದರ ಶೇಷ ಉಳಿಯದಂತೆ ನೋಡಿಕೊಳ್ಳಬೇಕು. ಎಣ್ಣೆಯೊಡನೆ ಹೊರಬರುವ ಮಂದ ನೀರನ್ನು ಶುದ್ಧಿ ಮಾಡದೆ ಎಲ್ಲೆಂದರಲ್ಲಿ ಬಿಡುವಂತಿಲ್ಲ.

ಎರೆಯ ನೆಲ ಕಲಿಸುವ ಪಾಠ

ನನ್ನ ಲೆಕ್ಕದಲ್ಲಿ ನೀರನ್ನು ಬಹಳ ಮಂದ ಮಾಡಿದಾಗಲೂ ನಯವಾದ ಪದರದ ಕಾಲುಭಾಗ ಮಾತ್ರ ಗುಡಿಸಲ್ಪಟ್ಟಿತೆಂಬುದನ್ನು ವಾಚಕರು ಮರೆತಿರಲಾರರು. ಮಂದತೆಯನ್ನು ಬೇಕಾದಷ್ಟು ಹೆಚ್ಚಿಸುತ್ತ ಹೋಗಲೂ ಆಗದು; ಗಂಜಿಯನ್ನು ಕಲ್ಲಿನೊಳಗೆ ಒತ್ತಲು ಪಂಪು ಸೋಲುತ್ತದೆ. ದಾರಿಗಳ ಅಂತರ ತೀರ ಹೆಚ್ಚಾಗಿರುವಲ್ಲಿ ಉರುಟು ಪದರವನ್ನೇ ಅರ್ಧಕ್ಕರ್ಧ ಮುಚ್ಚಬೇಕಾಗುತ್ತದೆ. ಇದಕ್ಕೆ ಪಾಲಿಮರಿನ ಎಳೆಗಳನ್ನು ಕ್ರೋಮಿಯಂನಂಥ ಲೋಹದಿಂದ ಒಂದಕ್ಕೊಂದು ಗಂಟುಹಾಕಿ ಮುದ್ದೆಯಂಥ ಜೆಲ್ ಮಾಡುತ್ತಾರೆ. ಬಿಡುವಾಗ ನೀರಾಗಿದ್ದು, ಸುಲಭದ ದಾರಿಯೊಳಗೆ ಹೊಕ್ಕ ಮೇಲೆ ಅದು ಮುದ್ದೆಯಾಗುತ್ತದೆ. ಒಣಗಿದ ಜೆಲ್ಲಿನ ನುಚ್ಚನ್ನೇ ನೀರಿನೊಡನೆ ಬಿಟ್ಟು, ಅದು ಒಳಗೆ ಊದಿ ದಾರಿ ಕಟ್ಟುವಂತೆ ಮಾಡುವ ಪದ್ಧತಿಯೂ ಚೀನದಲ್ಲಿ ಬಳಕೆಗೆ ಬಂದಿದೆ.

ಈ ಕೊನೆಯ ಪದ್ಧತಿ ನಮಗೆ ಅಪರಿಚಿತವಲ್ಲ. ಎರೆಯ ಮಣ್ಣಿನ ಜೇಡಿ ನೀರು ಕುಡಿದಂತೆಲ್ಲ ಊದಿಕೊಳ್ಳುತ್ತದೆ. ಒಂದೆರಡು ದಿನಗಳಲ್ಲಿ ಬಿರುಕು ತಾನಾಗಿಯೇ ಮುಚ್ಚಿಕೊಂಡು ಮುಂದಿನ ನೀರು ಹೊಲದ ಮೇಲೆ ಸಮನಾಗಿ ಹರಡುತ್ತದೆ. ಅನುಭವಿ ರೈತನು ಮೊದಲ ನೀರನ್ನು ರಭಸದಿಂದ ಬಿಡದೆ ಸಣ್ಣಗೆ ಬಿಟ್ಟು ಕಾಯುವುದು ಇದಕ್ಕಾಗಿಯೇ. ಪ್ರಯೋಗಶಾಲೆಗಳು ಬಹಳ ಶ್ರಮದಿಂದ ಸಾಧಿಸಿದ ತತ್ತ್ವ ನಮ್ಮ ಹೊಲದ ಮಣ್ಣಿನಲ್ಲಿ ಸಹಜವಾಗಿ ನಡೆಯುತ್ತಿದೆ.

ಭೂಮಿಯ ಶಾಖ ಏರುತ್ತಿರುವ ಈ ಕಾಲದಲ್ಲಿ ಇನ್ನಷ್ಟು ಎಣ್ಣೆ ಎತ್ತುವ ವಿದ್ಯೆ ಬೇಕೆ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಎಣ್ಣೆಯ ಬಳಕೆ ತಗ್ಗಬೇಕೆಂಬುದು ನಿರ್ವಿವಾದ. ಆದರೆ ಅದು ತಗ್ಗುವವರೆಗೆ, ಹೊಸ ಕಾಡನ್ನೋ ಕಡಲನ್ನೋ ಕೆದಕುವುದಕ್ಕಿಂತ, ಈಗಾಗಲೇ ಕೊರೆದ ಬಾವಿಯಿಂದ ಉಳಿದದ್ದನ್ನು ಎತ್ತುವುದು ಕಡಿಮೆ ಹಾನಿಯದೆಂದು ನನ್ನ ಅಭಿಪ್ರಾಯ. ಮೇಲಾಗಿ ಈ ವಿದ್ಯೆ ಎಣ್ಣೆಗೆ ಮಾತ್ರ ಮೀಸಲಲ್ಲ. ಕಾರ್ಖಾನೆಯ ವಿಷ ಇಳಿದ ಅಂತರ್ಜಲವನ್ನು ಶುದ್ಧಿ ಮಾಡುವಾಗ, ಔಷಧದ ನೀರು ಉರುಟು ಮರಳಿನಲ್ಲಿಯೇ ಓಡಿಹೋಗದೆ ಬಿಗಿಯಾದ ಪದರಗಳಿಗೂ ತಲುಪುವಂತೆ ಮಾಡಲು ಇದೇ ಪಾಲಿಮರುಗಳನ್ನು ಬಳಸಿ ನೋಡುತ್ತಿದ್ದಾರೆ.

ಕಲಾ ವಿಭಾಗದ ನಮಗೆ ಈ ಅಧ್ಯಯನದಿಂದ ದೊರೆಯುವ ಇನ್ನೊಂದು ಲಾಭವನ್ನು ಹೇಳಿ ಮುಗಿಸುತ್ತೇನೆ. ಕಾಲುವೆಯ ನೀರಾವರಿಯಲ್ಲಿ ತಲೆಭಾಗದ ಹೊಲಗಳು ತುಂಬಿ ತುಳುಕುವಾಗ ಕೊನೆಭಾಗದ ಹೊಲಗಳು ಬಾಯಾರಿರುವುದನ್ನು ನಾವೆಲ್ಲ ಕೇಳಿದ್ದೇವೆ. ಅಂಥಲ್ಲಿ ಮೇಲಿನಿಂದ ಇನ್ನಷ್ಟು ನೀರು ಬಿಡಿ ಎಂಬ ಕೂಗು ಮೊದಲು ಏಳುತ್ತದೆ. ಡಾರ್ಸಿಯ ಮರಳು ಹೇಳುವುದು ಬೇರೆ: ದಾರಿಗಳು ಹಾಗೆಯೇ ಇದ್ದರೆ ಹೆಚ್ಚಿಗೆ ಬಿಟ್ಟದ್ದೂ ಹಳೆಯ ಅನುಪಾತದಲ್ಲಿಯೇ ಹಂಚಿಹೋಗುತ್ತದೆ. ತಲೆಭಾಗದ ತೂಬು ಸರಿಯಾಗಿ ಮುಚ್ಚಿದರೆ ತಾನೆ ಕೊನೆಭಾಗಕ್ಕೆ ನೀರು? ವಿದ್ಯೆ, ಉದ್ಯೋಗ, ಹಣ ಇವುಗಳ ಹಂಚಿಕೆಗೂ ಈ ಮಾತು ಕೆಲಮಟ್ಟಿಗೆ ಸಲ್ಲುತ್ತದೆ. ೨೦೧೨ರಲ್ಲಿ ಸಂಸತ್ತು ಒಪ್ಪಿದ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಸಂವಿಧಾನದ ೩೭೧ (ಜೆ) ವಿಧಿ ದೊರೆತಾಗ ಆದದ್ದೂ ಹರಿವಿನ ದಾರಿಯನ್ನು ತಿದ್ದುವ ಯತ್ನವೇ. ಉಪಮೆಯನ್ನು ಬಹಳ ದೂರ ಎಳೆಯಬಾರದು. ಮನುಷ್ಯರು ಮರಳಿನ ಕಣಗಳಲ್ಲ. ಆದರೂ ಅಸಮವಾದ ನೆಲದಲ್ಲಿ ಎಷ್ಟು ಕೊಟ್ಟೆವೆಂಬುದನ್ನು ಮಾತ್ರ ಕೇಳಿದರೆ ಸಾಲದು, ಎಲ್ಲಿಗೆ ತಲುಪಿತೆಂಬುದನ್ನೂ ಕೇಳಬೇಕು. ಎಣ್ಣೆಬಾವಿಯ ಇಂಜಿನಿಯರು ಈ ಪ್ರಶ್ನೆಯನ್ನು ಕೇಳಲು ಕಲಿತ ದಿನದಿಂದ ಕಲ್ಲಿನೊಳಗೆ ಉಳಿದ ಪಾಲು ಸ್ವಲ್ಪ ಸ್ವಲ್ಪವಾಗಿ ಮೇಲೆ ಬರತೊಡಗಿದೆ.